ವೈಮಾನಿಕ ವೃತ್ತಿಯೂ ನಮ್ಮ ಪದವೀಧರರೂ

ಕಾಲೇಜಿನ ವಿದ್ಯಾಭ್ಯಾಸ ಮುಗಿದೊಡನೆ ವಕೀಲಿಯನ್ನೋ ಸರಕಾರಿ ನೌಕರಿಯನ್ನೋ ಅರಸುವುದೇ ಸಂಪ್ರದಾಯವಾಗಿದ್ದ ಮಧ್ಯಮವರ್ಗದ ಮನೆಗಳಲ್ಲಿ ಇಂದು ವಿಮಾನ ಚಾಲಕರಾಗಬೇಕೆಂಬ ಹಂಬಲವು ತಲೆದೋರಿದೆ. ಇದನ್ನು ನಾವು ಸಂತೋಷದಿಂದಲೇ ಕಾಣುತ್ತೇವೆ. 1929ರ ಫೆಬ್ರವರಿಯಲ್ಲಿ ಈ ದೇಶದ ಮೊದಲನೆಯ ವೈಮಾನಿಕ ಲೈಸೆನ್ಸನ್ನು ಪಡೆದ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಟಪಾಲು ವಿಮಾನವನ್ನು ತಾವೇ ನಡೆಸಿ ತಂದಾಗ, ಆಕಾಶಮಾರ್ಗವು ಪರಕೀಯರ ಸೊತ್ತಲ್ಲವೆಂಬುದು ಸಿದ್ಧವಾಯಿತು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದರು. ಅಂಥ ನಾಡಿನ ತರುಣ ತರುಣಿಯರು ಬಾನಿನತ್ತ ಕಣ್ಣೆತ್ತುವುದು ಸಹಜವೇ. ಆದರೆ ಹಂಬಲವು ಬೇರೆ, ಆ ಹಂಬಲವನ್ನು ಹಣಕ್ಕೆ ತಿರುಗಿಸಿಕೊಳ್ಳುವ ಜಾಹೀರಾತು ಬೇರೆ. ದೇಶದಲ್ಲಿ ವೈಮಾನಿಕರ ಬರ ಬಂದಿದೆಯೆಂಬ ಡಂಗುರವನ್ನು ನಂಬಿ ಮನೆಯನ್ನು ಅಡವಿಡುವ ಮುನ್ನ, ಆ ಬರವು ಎಂಥವರದೆಂಬುದನ್ನು ವಿಚಾರಿಸುವುದು ಅವಶ್ಯ.

ಬರವೇ ಇಲ್ಲವೆಂದು ನಾವು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳನ್ನು ಕೊಳ್ಳುವುದಾಗಿ ಸಾರಿತು. ಅದೇ ವರ್ಷದ ಜೂನಿನಲ್ಲಿ ಇಂಡಿಗೋ ಕಂಪನಿಯು 500 ವಿಮಾನಗಳಿಗೆ ಬೇಡಿಕೆಯಿತ್ತಿತು. ವೈಮಾನಿಕರ ವಿಶ್ರಾಂತಿಯನ್ನು ಹೆಚ್ಚಿಸುವ ಹೊಸ ನಿಯಮಗಳಿಗೆ ತಕ್ಕಷ್ಟು ಸಿಬ್ಬಂದಿಯನ್ನು ಅಣಿಗೊಳಿಸದ ಕಾರಣ 2025ರ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳ ಸಂಚಾರವು ರದ್ದಾದುದನ್ನು ವಾಚಕರು ಮರೆತಿರಲಾರರು.

ಹೀಗಿದ್ದೂ ಲೈಸೆನ್ಸು ಪಡೆದ ಅನೇಕ ತರುಣರು ಕೆಲಸವಿಲ್ಲದೆ ಕುಳಿತಿರುವುದೇಕೆ? ಇದರ ಮರ್ಮವು ಗಂಟೆಗಳ ಲೆಕ್ಕದಲ್ಲಿದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿ 18 ವರ್ಷ ತುಂಬಿದವನು ವೈದ್ಯಪರೀಕ್ಷೆಯಲ್ಲಿಯೂ ಲಿಖಿತ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ 200 ಗಂಟೆಗಳ ಹಾರಾಟವನ್ನು ಪೂರೈಸಿದರೆ ವಾಣಿಜ್ಯ ವೈಮಾನಿಕನ ಲೈಸೆನ್ಸು ದೊರೆಯುತ್ತದೆ. ಕ್ಯಾಪ್ಟನ್ನನ ಪೀಠಕ್ಕೆ ಬೇಕಾದ ಮೇಲಿನ ಲೈಸೆನ್ಸಿಗಾದರೋ 1500 ಗಂಟೆಗಳು ಬೇಕು. ಕಂಪನಿಗಳಿಗೆ ಮುಖ್ಯವಾಗಿ ಸಾಲದಿರುವವರು ಅನುಭವಸ್ಥ ಕ್ಯಾಪ್ಟನ್ನರು. ವಿದೇಶಗಳಿಂದ ಅವರನ್ನು ಕರೆತರಲು ವಿಶೇಷ ಅನುಮತಿಯ ಏರ್ಪಾಡೂ ಉಂಟು. ಹೊಸಬನು ಆ ಗಂಟೆಗಳನ್ನು ಗಳಿಸಬೇಕಾದರೆ ಯಾವುದಾದರೊಂದು ಕಂಪನಿಯು ಅವನಿಗೆ ಸಹಚಾಲಕನ ಪೀಠವನ್ನು ಕೊಡಲೇಬೇಕು. ಆ ಬಾಗಿಲು ಕಿರಿದು. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಅಲ್ಲಿನ ಅನುಭವಸ್ಥರೆಲ್ಲ ಅದೇ ಬಾಗಿಲಿಗೆ ಬಂದು ಹೊಸಬರ ಮುಂದೆ ನಿಂತರು.

ಇನ್ನು ವೆಚ್ಚದ ಮಾತು. ಲೈಸೆನ್ಸಿನವರೆಗೆ ಸುಮಾರು 50 ಲಕ್ಷ ರೂಪಾಯಿ ಬೇಕಾಗುತ್ತದೆ. ನಿರ್ದಿಷ್ಟ ಮಾದರಿಯ ದೊಡ್ಡ ವಿಮಾನವನ್ನು ನಡೆಸುವ ಶಿಕ್ಷಣಕ್ಕೆ ಇನ್ನೂ ಹಲವು ಲಕ್ಷ. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಸ್ಥಿರಾಸ್ತಿಯನ್ನು ಅಡವು ಕೇಳುತ್ತದೆ. ಆಸ್ತಿಯಿಲ್ಲದವನ ಮಗಳು ಎಷ್ಟೇ ಜಾಣೆಯಾಗಿದ್ದರೂ ನೆಲದ ಮೇಲೆಯೇ ಉಳಿಯುತ್ತಾಳೆ. ಇಷ್ಟು ತೆತ್ತು ಸೇರುವ ಶಾಲೆಗಳ ಸ್ಥಿತಿಯೇನು? 2025ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಶಾಲೆಗಳನ್ನು ಮೊದಲ ಬಾರಿಗೆ ದರ್ಜೆಗಳಾಗಿ ವಿಂಗಡಿಸಿದಾಗ, ಮೇಲಿನ ಎರಡು ದರ್ಜೆಗಳಲ್ಲಿ ಒಂದು ಶಾಲೆಯೂ ಸೇರಲಿಲ್ಲ. ಅಮೆರಿಕಕ್ಕೂ ನ್ಯೂಜಿಲೆಂಡಿಗೂ ನಮ್ಮ ಮಕ್ಕಳೂ ನಮ್ಮ ಹಣವೂ ಹರಿದುಹೋಗುತ್ತಿರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ವೈಮಾನಿಕನೆಂದರೆ ನೂರಾರು ಪ್ರಾಣಗಳ ಹೊಣೆಗಾರ. ಅಂಥವನ ತಯಾರಿಯನ್ನು ತಂದೆಯ ಅಡವುಪತ್ರಕ್ಕೂ ಶಾಲೆಯ ಲಾಭಕ್ಕೂ ಬಿಟ್ಟುಕೊಟ್ಟು ಸರಕಾರವು ಪರೀಕ್ಷೆಯನ್ನಷ್ಟೇ ನಡೆಸಿ ಸುಮ್ಮನಿರುವುದು ಉಚಿತವಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ಸೇರಿದವರೆಷ್ಟು, 200 ಗಂಟೆಗಳನ್ನು ಮುಗಿಸಲು ಹಿಡಿದ ಕಾಲವೆಷ್ಟು, ಕೆಲಸ ಸಿಕ್ಕಿದವರೆಷ್ಟು ಎಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುವಂತೆ ಕಟ್ಟುಮಾಡತಕ್ಕದ್ದು. ಉತ್ತರ ಪ್ರದೇಶದ ಫುರ್ಸತ್‌ಗಂಜಿನ ರಾಷ್ಟ್ರೀಯ ವಿದ್ಯಾಲಯವನ್ನೂ ನಮ್ಮ ಜಕ್ಕೂರಿನ ಸರಕಾರಿ ಶಾಲೆಯನ್ನೂ ಬಲಪಡಿಸಿ, ಅರ್ಹರಾದ ಬಡ ವಿದ್ಯಾರ್ಥಿಗಳಿಗೆ ವೇತನವನ್ನು ಕೊಡಬೇಕು. 2021ರಲ್ಲಿ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಖಾಸಗಿ ಶಾಲೆಗಳಿಗೆ ಸ್ಥಳವನ್ನು ಹಂಚಿದವರು, ಅಲ್ಲಿ ಕಲಿಯಬಲ್ಲ ಆ ಸೀಮೆಯ ಮಕ್ಕಳನ್ನೂ ನೆನೆಯಬೇಕು. ನೂರಾರು ವಿಮಾನಗಳನ್ನು ಕೊಳ್ಳಬಲ್ಲ ಕಂಪನಿಗಳು ಅವುಗಳನ್ನು ನಡೆಸುವವರ ಶಿಕ್ಷಣದ ವೆಚ್ಚದಲ್ಲಿ ಪಾಲು ಹೊರುವುದು ನ್ಯಾಯವೇ ಆಗಿದೆ.

ಪದವೀಧರರಿಗೂ ಅವರ ಹಿರಿಯರಿಗೂ ನಮ್ಮ ಬಿನ್ನಹವಿಷ್ಟೆ: ಶುಲ್ಕವನ್ನು ಕಟ್ಟುವ ಮೊದಲೇ ವೈದ್ಯಪರೀಕ್ಷೆಯನ್ನು ಮಾಡಿಸಿಕೊಳ್ಳಿರಿ. ಹಣವನ್ನು ಒಂದೇ ಕಂತಿನಲ್ಲಿ ಸುರಿಯಬೇಡಿರಿ. ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟೆಂಬುದನ್ನು ಅಲ್ಲಿನ ಹಳೆಯ ವಿದ್ಯಾರ್ಥಿಗಳಿಂದ ಕೇಳಿ ತಿಳಿಯಿರಿ. ಈ ವೃತ್ತಿಗೆ ಕಾಯದೆಯು ಪದವಿಯನ್ನು ಕೇಳುವುದಿಲ್ಲವೆಂಬುದು ನಿಜ. ಆದರೆ ಕೆಲಸಕ್ಕಾಗಿ ಎರಡು ಮೂರು ವರ್ಷ ಕಾಯಬೇಕಾಗಿ ಬಂದಾಗ ಅನ್ನಕ್ಕೆ ದಾರಿಯಾಗುವುದು ಆ ಪದವಿಯೇ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಆದರೆ ಹಾಸಿಗೆಯನ್ನು ಹಿರಿದಾಗಿಸುವ ಹೊಣೆಯು ಸರಕಾರದ್ದು. ಆ ಹೊಣೆಯಿಂದ ಅದು ಜಾರಿಕೊಳ್ಳಲಾಗದು.