ಸಂತ ಪದವಿ ಮತ್ತು ಗೃಹಸ್ಥ ವಿಶ್ವಾಸಿಗಳು

ಹದಿನೈದರ ವಯಸ್ಸಿನಲ್ಲೇ ರಕ್ತದ ಕ್ಯಾನ್ಸರಿಗೆ ತುತ್ತಾದ ಇಟಲಿಯ ಬಾಲಕ ಕಾರ್ಲೊ ಅಕುಟಿಸ್‌ನನ್ನು 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತನೆಂದು ಘೋಷಿಸಿದರು. ಆತ ತೀರಿಕೊಂಡದ್ದು 2006ರಲ್ಲಿ. ಹತ್ತೊಂಬತ್ತು ವರ್ಷ ತುಂಬುವ ಮೊದಲೇ ಈ ಗೌರವ. ಶ್ರೀಲಂಕೆಯ ಪ್ರೇಷಿತರಾದ ಜೋಸೆಫ್ ವಾಜರಾದರೋ (ಅಲ್ಲಿಗೆ ತೆರಳುವ ಮುನ್ನ ನಮ್ಮ ಕೆನರಾ ಸೀಮೆಯಲ್ಲಿ ದುಡಿದವರು) 1711ರಲ್ಲಿ ನಿಧನರಾಗಿ 2015ರವರೆಗೆ ಕಾಯಬೇಕಾಯಿತು. ಈ ಅಂತರವನ್ನು ಕಂಡು ಪುಣ್ಯದ ಪ್ರಮಾಣವನ್ನು ಅಳೆಯಹೊರಡುವುದು ಸಲ್ಲದು. ಧರ್ಮಸಭೆ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ದೇವರ ಕೃಪೆಯಿಂದ ಸಂತರಾದವರನ್ನು ಗುರುತಿಸುತ್ತದೆ, ಅಷ್ಟೆ.

ಗುರುತಿಸುವ ಕಾರ್ಯಕ್ಕೆ ಮಾತ್ರ ಸಾಕ್ಷಿ ಬೇಕು, ದಾಖಲೆ ಬೇಕು, ಹಣವೂ ಬೇಕು. ಧರ್ಮಕ್ಷೇತ್ರದ ವಿಚಾರಣೆ, ರೋಮಿನ ಪರಿಶೀಲನೆ, ಪುನೀತ ಪದವಿಗೆ ಸಾಮಾನ್ಯವಾಗಿ ಒಂದು ಅದ್ಭುತ, ಸಂತ ಪದವಿಗೆ ಮತ್ತೊಂದು. ರಕ್ತಸಾಕ್ಷಿಗಳಿಗೆ ಮೊದಲನೆಯದರಿಂದ ವಿನಾಯಿತಿಯುಂಟು. ಸಂನ್ಯಾಸಿ ಸಭೆಗಳಿಗೆ ತಮ್ಮ ಸ್ಥಾಪಕರ ಪತ್ರಗಳನ್ನು ಕಾಪಾಡಿಕೊಂಡು ದಶಕಗಟ್ಟಲೆ ಈ ಕಾರ್ಯದ ಬೆನ್ನುಹತ್ತುವ ಶಕ್ತಿಯಿದೆ. ಮಕ್ಕಳನ್ನು ಸಾಕಿ, ಮನೆಯ ಸಾಲ ತೀರಿಸಿ ಕಣ್ಮುಚ್ಚಿದ ತಾಯಿಯೊಬ್ಬಳ ಪರವಾಗಿ ಅರ್ಜಿ ಹಿಡಿದು ನಿಲ್ಲುವವರು ಯಾರು? ಸಂತರ ಪಟ್ಟಿಯಲ್ಲಿ ಗುರುಗಳೂ ಧರ್ಮಭಗಿನಿಯರೂ ತುಂಬಿರುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಆದುದರಿಂದಲೇ ಸಂತ ದೇವಸಹಾಯಂ ನಮ್ಮ ಕುಟುಂಬಗಳಿಗೆ ಹೆಚ್ಚು ಹತ್ತಿರದವರು. ತಿರುವಾಂಕೂರು ಅರಮನೆಯ ಈ ಅಧಿಕಾರಿ ವಿವಾಹಿತರು. 1745ರಲ್ಲಿ ದೀಕ್ಷಾಸ್ನಾನ ಪಡೆದರು. ಕುಲದ ಕಟ್ಟು ಮೀರಿ ಎಲ್ಲರೊಡನೆ ಬೆರೆತರು. ಸೆರೆವಾಸ, ಚಿತ್ರಹಿಂಸೆಗಳ ಬಳಿಕ 1752ರಲ್ಲಿ ಕಾಟ್ಟಾಡಿಮಲೆಯಲ್ಲಿ ಗುಂಡಿಗೆ ಬಲಿಯಾದರು. ಈ ವಧೆಯ ಕಾರಣದ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಮತವಿದೆ. ಧರ್ಮಸಭೆ ಅವರನ್ನು ರಕ್ತಸಾಕ್ಷಿಯೆಂದು ಅಂಗೀಕರಿಸಿ 2012ರಲ್ಲಿ ಪುನೀತರೆಂದೂ 2022ರ ಮೇ 15ರಂದು ಸಂತರೆಂದೂ ಸಾರಿತು. ಗುರುವೂ ಅಲ್ಲದ, ಸಂನ್ಯಾಸಿಯೂ ಅಲ್ಲದ ಭಾರತೀಯರೊಬ್ಬರಿಗೆ ಈ ಪದವಿ ಸಂದದ್ದು ಅದೇ ಪ್ರಥಮ.

ಆ ಸಂದರ್ಭದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಅವರ ಹೆಸರಿನೊಡನೆ ಬರುತ್ತಿದ್ದ 'ಪಿಳ್ಳೈ' ಎಂಬ ಜಾತಿಸೂಚಕವನ್ನು ಕೈಬಿಡಬೇಕೆಂದು ಕೆಲವರು ರೋಮಿಗೆ ಬರೆದರು. ರೋಮ್ ಅದನ್ನು ಮನ್ನಿಸಿತು. ಜಾತಿಯ ಹಮ್ಮನ್ನು ತೊರೆದ ವ್ಯಕ್ತಿಗೆ ಭಕ್ತಾದಿಗಳೇ ಅದನ್ನು ಎರಡೂವರೆ ಶತಮಾನ ಅಂಟಿಸಿಟ್ಟಿದ್ದರು! ನೆಂಟಸ್ತನದ ಮಾತಿಗೆ ಕುಳಿತಾಗ ಇಂದಿಗೂ ಮೊದಲು ಕುಲವನ್ನೇ ವಿಚಾರಿಸುವ ಕಥೋಲಿಕ ಮನೆಗಳಿವೆ. ಜನವರಿ 14ರಂದು ಬರುವ ಈ ಸಂತರ ಹಬ್ಬವನ್ನು ಆ ಮನೆಗಳವರು ಯಾವ ಮುಖದಿಂದ ಆಚರಿಸುವರೋ ಕಾಣೆವು.