ಮಳೆಯ ಲೆಕ್ಕಕ್ಕೆ ಯಾವ ತಂತ್ರಾಂಶ?

ಮಾಣಿಯ ಸುತ್ತಮುತ್ತಲಿನ ಅಡಿಕೆ ತೋಟಗಳಲ್ಲಿ ಪ್ರತಿದಿನ ಬೆಳಗ್ಗೆ ಮಳೆಮಾಪಕದ ನೀರನ್ನು ಅಳೆದು ಡೈರಿಯಲ್ಲಿ ಬರೆದಿಡುವ ಕೃಷಿಕರು ಇಂದಿಗೂ ಇದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ಥಾಪಿಸಿದ ಸ್ವಯಂಚಾಲಿತ ಮಾಪಕಗಳೋ 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣವನ್ನು ಕಳುಹಿಸುವಂಥವು. ಅಂಕಿಗಳಿಗೆ ಬರವಿಲ್ಲ, ಅವುಗಳನ್ನು ಕಣ್ಣಿಗೆ ಕಾಣುವಂತೆ ಜೋಡಿಸುವವರಿಗೆ ಬರವಿದೆ. ಇದಕ್ಕೆ ಯಾವ ತಂತ್ರಾಂಶ ಒಳ್ಳೆಯದೆಂದು ಬಳಗದ ವಿದ್ಯಾರ್ಥಿ ಮಿತ್ರರು ಕೇಳುತ್ತಿದ್ದಾರೆ. ತಂತ್ರಾಂಶದ ಹೆಸರಿಗಿಂತ ಮೊದಲು, ನಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಇತ್ಯರ್ಥವಾಗಬೇಕು.

ನೇತ್ರಾವತಿಯ ನೆರೆಯನ್ನೇ ನೋಡೋಣ. ಬೆಳ್ತಂಗಡಿ ತಾಲೂಕಿನ ಹೊಳೆ ತೋಡುಗಳನ್ನೆಲ್ಲ ಕೂಡಿಕೊಂಡು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನೂ ಸೇರಿಸಿಕೊಂಡು ಬರುವ ಈ ನದಿ ಬಂಟ್ವಾಳದಲ್ಲಿ ಉಕ್ಕುವ ಹೊತ್ತಿಗೆ ಅಲ್ಲಿ ಮಳೆ ಬಿಟ್ಟಿರಲೂಬಹುದು. ಘಟ್ಟದ ನೀರು ಕೆಳಗಿಳಿಯಲು ಗಂಟೆಗಳು ಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡಗಳು ಕುಸಿದು, ಬೆಳ್ತಂಗಡಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆದರೆ ತಿಂಗಳ ಮೊತ್ತದ ಕಂಬನಕ್ಷೆಯಲ್ಲಿ ಆ ಆಗಸ್ಟ್ ಉಳಿದವುಗಳ ನಡುವೆ ಇನ್ನೊಂದು ಕಂಬ ಮಾತ್ರ. ಅನಾಹುತ ಮಾಡಿದ ಆ ಕೆಲವು ದಿನಗಳು ಮೊತ್ತದೊಳಗೆ ಅಡಗಿಹೋಗುತ್ತವೆ. ಮೇಲೆ ಘಟ್ಟದ ಗಂಟೆವಾರು ಮಳೆ, ಕೆಳಗೆ ಬಂಟ್ವಾಳದ ನದಿಮಟ್ಟ, ಎರಡಕ್ಕೂ ಒಂದೇ ಕಾಲರೇಖೆ: ಹೀಗೆ ಬರೆದರೆ ತಗ್ಗಿನವರಿಗೆ ಎಷ್ಟು ಸಮಯಾವಕಾಶ ಉಳಿಯುತ್ತದೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ಸಂಗಮವಾಯಿತೇ ಎಂದು ಕೇಳುವ ನಮ್ಮ ಹಿರಿಯರು ಇದೇ ನಕ್ಷೆಯನ್ನು ಕಾಗದವಿಲ್ಲದೆ ಓದುತ್ತಿದ್ದರು! ಇಂಥ ಕೆಲಸಕ್ಕೆ ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನ ಕ್ಯಾಲ್ಕ್ ಸಾಕು.

ಅಡಿಕೆ ಬೆಳೆಗಾರನ ಪ್ರಶ್ನೆ ಬೇರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅವನಿಗೆ ಬೇಕಾದುದು ಮಳೆಯ ಮೊತ್ತವಲ್ಲ, ಮಳೆಯ ನಡುವಿನ ಬಿಡುವು. ವರ್ಷಕ್ಕೊಂದು ಸಾಲು, ದಿನಕ್ಕೊಂದು ಚೌಕ, ಒಣ ದಿನ ಬಿಳಿ, ಮಳೆ ಹೆಚ್ಚಿದಂತೆ ಗಾಢವಾಗುವ ನೀಲಿ. ಇಪ್ಪತ್ತು ವರ್ಷಗಳ ಸಾಲುಗಳನ್ನು ಒಂದರ ಕೆಳಗೊಂದಿಟ್ಟಾಗ ಜೂನ್–ಜುಲೈಗಳ ಬಿಳಿ ಚೌಕಗಳು ಎಲ್ಲಿ ಸರಿದಿವೆ, ಎಲ್ಲಿ ಕಡಿಮೆಯಾಗಿವೆ ಎಂಬುದು ತಾನಾಗಿ ಕಾಣುತ್ತದೆ. ಇದಕ್ಕೆ 'ಆರ್' ಎಂಬ ಮುಕ್ತ ತಂತ್ರಾಂಶ ಚೆನ್ನ. ಕಲಿಯಲು ತುಸು ಕಷ್ಟ, ನಿಜ. ಆದರೆ ಒಮ್ಮೆ ಬರೆದ ಆದೇಶಗಳು ಮುಂದಿನ ವರ್ಷವೂ ಕೆಲಸ ಮಾಡುತ್ತವೆ. ಕಾಮನಬಿಲ್ಲಿನ ಏಳು ಬಣ್ಣಗಳನ್ನು ದಯವಿಟ್ಟು ಬಳಸಬೇಡಿ. ಹಸಿರು–ಕೆಂಪು ಭೇದ ಕಾಣದ ಗಂಡಸರೂ ನಮ್ಮ ನಡುವೆ ಇದ್ದಾರೆ.

ಭೂಪಟಕ್ಕೆ ಕ್ಯೂಜಿಐಎಸ್ ಇದೆ. ಇದೂ ಮುಕ್ತ, ಇದೂ ಉಚಿತ. ಇಲ್ಲಿ ನನ್ನ ಒಂದು ತಕರಾರಿದೆ. ನಾಲ್ಕಾರು ಮಾಪಕಗಳ ಅಂಕಿಯನ್ನು ಕೊಟ್ಟರೂ ಸಾಕು, ನಡುವಿನ ಜಾಗವನ್ನು ಅದು ಊಹೆಯಿಂದ ತುಂಬಿ ನುಣುಪಾದ ಬಣ್ಣದ ಹಾಸು ಹಾಸಿಬಿಡುತ್ತದೆ. ಬಯಲುಸೀಮೆಯಲ್ಲಿ ಈ ಊಹೆ ನಡೆದೀತು. ಕೆಲವೇ ಕಿಲೋಮೀಟರುಗಳಲ್ಲಿ ಮಳೆಯ ಪ್ರಮಾಣ ಬದಲಾಗುವ ಘಟ್ಟದ ಬುಡದಲ್ಲಿ, ಮಾಪಕವೇ ಇಲ್ಲದ ಕಣಿವೆಗೆ ಬಣ್ಣ ಹಚ್ಚುವುದು ಸುಳ್ಳು ಸಾಕ್ಷಿಯಾದೀತು. ಅಳತೆ ಇದ್ದಲ್ಲಿ ಚುಕ್ಕಿ ಇಡಿ, ಇಲ್ಲದಲ್ಲಿ ಖಾಲಿ ಬಿಡಿ. ಆ ಖಾಲಿ ಜಾಗವೇ ಪಂಚಾಯತಿಯ ಮುಂದೆ ಇನ್ನೊಂದು ಮಾಪಕವನ್ನು ಕೇಳಲು ನಮಗಿರುವ ಆಧಾರ.

ಚಲಿಸುವ ಚಿತ್ರಗಳ ಮೋಹವೂ ವಿದ್ಯಾರ್ಥಿಗಳಲ್ಲಿ ಹೆಚ್ಚು. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ತಮ್ಮ 'ಗ್ಯಾಪ್‌ಮೈಂಡರ್' ಗುಳ್ಳೆಗಳನ್ನು ಚಲಿಸಿ ತೋರಿಸಿದಾಗ ಜಗತ್ತೇ ಬೆರಗಾಯಿತು. ಆದರೆ ಅಲ್ಲಿ ವಿವರಿಸಲು ಅವರೇ ನಿಂತಿರುತ್ತಿದ್ದರು. ಹಾಲಿನ ಸೊಸೈಟಿಯ ಗೋಡೆಯ ಮೇಲೆ ಚಿತ್ರ ಚಲಿಸದು. ಅಲ್ಲಿಗೆ ಪಕ್ಕಪಕ್ಕದಲ್ಲಿಟ್ಟ ಹನ್ನೆರಡು ಸಣ್ಣ ನಕ್ಷೆಗಳೇ ಮೇಲು.

ತಂತ್ರಾಂಶ ಯಾವುದಾದರೂ ಆಗಲಿ, ಮೂಲ ಅಂಕಿಗಳು ನಮ್ಮ ಕೈಯಲ್ಲೇ ಇರಬೇಕು. ಗೂಗಲ್ ಸಂಸ್ಥೆಯ 'ಫ್ಯೂಷನ್ ಟೇಬಲ್ಸ್' 2019ರ ಡಿಸೆಂಬರಿನಲ್ಲಿ ಮುಚ್ಚಿತು. 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಅದರಲ್ಲಿ ರಚಿಸಿದ ನಕ್ಷೆಗಳೂ ನಿಂತವು. ಡಾಕ್ಟರೇಟಿಗಾಗಿ ದುಡಿದ ದಿನಗಳಲ್ಲಿ ದುಬಾರಿ ಪರವಾನಗಿಯ ತಂತ್ರಾಂಶವೊಂದರಲ್ಲಿ ನಾನು ಉಳಿಸಿದ ಕಡತಗಳು ಇಂದು ನನಗೇ ತೆರೆಯುವುದಿಲ್ಲ. ಮಾರ್ಗದರ್ಶಕರ ಒತ್ತಾಯಕ್ಕೆ ಪುಸ್ತಕದಲ್ಲಿ ಬರೆದಿಟ್ಟದ್ದು ಮಾತ್ರ ಉಳಿದಿದೆ. ಆದುದರಿಂದ ಎಲ್ಲವೂ ಸಿಎಸ್‌ವಿ ಎಂಬ ಸರಳ ಕಡತದಲ್ಲಿರಲಿ. ಊರಿನ ಹೆಸರುಗಳು ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದರೆ ನಕ್ಷೆಯಲ್ಲಿ ಅರ್ಥವಿಲ್ಲದ ಗುರುತುಗಳು ಮೂಡುತ್ತವೆ.

ಇನ್ನೊಂದು ಸೂಕ್ಷ್ಮ. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಅಳೆದ ದಿನಾಂಕವನ್ನು ಬರೆಯುವವರೂ ಇದ್ದಾರೆ, ಮಳೆ ಸುರಿದ ದಿನಾಂಕವನ್ನು ಬರೆಯುವವರೂ ಇದ್ದಾರೆ. ಇವೆರಡೂ ಬೆರೆತರೆ ಮಳೆ ಬರುವ ಮುನ್ನವೇ ನೆರೆ ಬಂದಂತೆ ನಕ್ಷೆ ತೋರಿಸುತ್ತದೆ, ತಂತ್ರಾಂಶ ಎಷ್ಟೇ ಜಾಣನಾದರೂ.

ಈ ಮಳೆಗಾಲಕ್ಕೆ ಮುನ್ನ ಡೈರಿಗಳ ಅಂಕಿಗಳನ್ನು ಗಣಕಕ್ಕೆ ಏರಿಸುವ ಕೆಲಸವನ್ನು ವಿದ್ಯಾರ್ಥಿಗಳು ಆರಂಭಿಸುತ್ತಿದ್ದಾರೆ. ಓದುಗರು ತಮ್ಮ ಡೈರಿಗಳನ್ನು ಕೊಡುವಾಗ ಯಾವ ದಿನಾಂಕವನ್ನು ಬರೆದಿರುವಿರೆಂದು ಮೊದಲ ಪುಟದಲ್ಲಿ ನಮೂದಿಸಬೇಕೆಂದು ವಿನಂತಿ. 1974ರ ನೆರೆಯ ವರ್ಷದ ಡೈರಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಗೆದ್ದಲು ಹಿಡಿದಿದ್ದರೂ ಸರಿ, ತಿಳಿಸಿ. ನಾವೇ ಬಂದು ನಕಲು ಮಾಡಿಕೊಳ್ಳುತ್ತೇವೆ.