ಮಣ್ಣಿನ ದಾರಿ ಮಣ್ಣಿನದಾಗಿಯೇ ಇರಲಿ

ಕಳೆದ ಜುಲೈ ತಿಂಗಳಲ್ಲಿ ನಮ್ಮ ಕಾಲೇಜಿನ ಓಟಗಾರ ಮಿತ್ರರು ಒಂದು ಮನವಿಪತ್ರವನ್ನು ಸಿದ್ಧಪಡಿಸಿದರು. ಕಬ್ಬನ್ ಉದ್ಯಾನದಲ್ಲಿ ಮರಗಳ ನಡುವೆ ಹಾದುಹೋಗುವ ಮಣ್ಣಿನ ಕಾಲುದಾರಿಗಳಿಗೆ ಕಲ್ಲು ಹಾಸಿಸಿ, ನೂರು ಮೀಟರಿಗೊಂದರಂತೆ ದೂರದ ಗುರುತುಗಳನ್ನು ನೆಟ್ಟು, ಓಡುವವರಿಗೆ ಅನುಕೂಲ ಮಾಡಿಕೊಡಬೇಕೆಂಬುದು ಅದರ ಸಾರಾಂಶ. ಸಹಿ ಹಾಕಿದವರು 42 ಮಂದಿ. ಆರನೆಯ ಸಹಿ ನನ್ನದು. ಪತ್ರವು ಇನ್ನೂ ಕ್ರೀಡಾ ಸಂಘದ ಕಪಾಟಿನಲ್ಲಿಯೇ ಇದೆ. ಪರೀಕ್ಷೆಗಳು ಮುಗಿದೊಡನೆ ಅದನ್ನು ಕಳುಹಿಸುವರೆಂದು ಕೇಳಿದ್ದೇನೆ. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡೆಂದು ಕೇಳಿದುದು ಒಳ್ಳೆಯದೇ ಆಯಿತು. ಪತ್ರ ಹೊರಡುವ ಮೊದಲು ನನ್ನ ಸಹಿಯನ್ನು ಎಲ್ಲರೆದುರಿಗೆ ಹಿಂದಕ್ಕೆ ಪಡೆಯಲು ನನಗೊಂದು ಅವಕಾಶ ದೊರೆಯಿತು. ಏಕೆ ಹಾಕಿದೆ, ಏಕೆ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂಬುದನ್ನು ಹೇಳುವುದು ನನ್ನ ಕರ್ತವ್ಯ.

ನಾನು ಮಾಗಡಿಯ ಕಡೆಯ ಹಳ್ಳಿಯವನು. ಶಾಲೆಗೆ ಎರಡು ಮೈಲಿ. ಮನೆ ಬಿಡುವುದು ತಡವಾದಷ್ಟೂ ಓಟದ ವೇಗ ಹೆಚ್ಚುತ್ತಿತ್ತು. ನನಗೆ ಓಟ ಕಲಿಸಿದ ಗುರು ಎಂದರೆ ಶಾಲೆಯ ಗಂಟೆಯೊಂದೇ. ಗದ್ದೆಯ ಬದು, ತೋಪಿನ ಅಂಚು, ಕೆರೆಯ ಏರಿ ಇವುಗಳ ಮೇಲೆ ಬರಿಗಾಲಿನಲ್ಲಿ ಓಡಿದವನು ಬೆಂಗಳೂರಿಗೆ ಬಂದು, ಹಾಸ್ಟೆಲ್ ಸೇರಿ, ಬೂಟು ಕೊಂಡು, ಟಾರು ರಸ್ತೆಯಲ್ಲಿ ಓಡತೊಡಗಿದೆ. ಎರಡು ತಿಂಗಳಲ್ಲಿ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಉದ್ದಕ್ಕೂ ನೋವು. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ತೋರಿಸಿದೆ. ಅವರು ಬೆರಳಿನಿಂದ ಒತ್ತಿ ನೋಡಿ, “ಹದಿನೈದು ದಿವಸ ಸುಮ್ಮನಿರು. ಆಮೇಲೆ ಉದ್ಯಾನಕ್ಕೆ ಹೋಗಿ ಮಣ್ಣಿನ ಮೇಲೆ ನಿಧಾನವಾಗಿ ಓಡು. ಗುಡ್ಡಗಾಡು ಓಟಕ್ಕೆ ಸೇರುವವನು ರಸ್ತೆಯಲ್ಲಿ ಅಭ್ಯಾಸ ಮಾಡುವುದೇ?” ಎಂದರು. ಹದಿನೈದು ದಿವಸದ ವಿಶ್ರಾಂತಿಗೆ ಎಷ್ಟು ಪಾಲು, ಮಣ್ಣಿಗೆ ಎಷ್ಟು ಪಾಲು ಎಂದು ಲೆಕ್ಕ ಹಾಕಲಾರೆ. ನೋವಂತೂ ಹೋಯಿತು, ನಾನು ಕಬ್ಬನ್ ಉದ್ಯಾನದವನಾದೆ.

ಈ ಉದ್ಯಾನವನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ನೋಡಿದವರೆಲ್ಲ ರಸ್ತೆಯಿಂದಲೇ ನೋಡಿರುತ್ತಾರೆ. 1870ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸುಮಾರು ನೂರು ಎಕರೆಯಲ್ಲಿ ಇದನ್ನು ನಿರ್ಮಿಸಿದರು. ಮೊದಲು ಮೀಡ್ಸ್ ಪಾರ್ಕ್ ಎಂಬ ಹೆಸರು, ಆಮೇಲೆ ಕಬ್ಬನ್ ಪಾರ್ಕ್, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ಉಳಿದದ್ದು ಮಧ್ಯದ ಹೆಸರೇ. ಇಲಾಖೆಯ ಪಟ್ಟಿಯಲ್ಲಿ ಸುಮಾರು 6000 ಮರಗಳೂ 96 ಪ್ರಭೇದಗಳೂ ಇವೆ. ಊರಿನ ಹೊಂಗೆ, ಮಾವು, ಬಿದಿರುಗಳ ಪಕ್ಕದಲ್ಲಿಯೇ ದಕ್ಷಿಣ ಅಮೆರಿಕದ ಮಳೆಮರವೂ ಆಸ್ಟ್ರೇಲಿಯದ ಸಿಲ್ವರ್ ಓಕ್ ಮರವೂ ಜಾತಿಭೇದವಿಲ್ಲದೆ ಬೆಳೆದು ನಿಂತಿವೆ.

ನನ್ನ ದಾರಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಬಳಿಯಿಂದ ಆರಂಭವಾಗುತ್ತದೆ. 1915ರ ಆ ಕೆಂಪು ಕಟ್ಟಡದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ನಮ್ಮಲ್ಲಿ ಅನೇಕರು ಪರೀಕ್ಷೆಯ ಕಾಲದಲ್ಲಿ ಭಕ್ತಿಯಿಂದ ಹೋಗುತ್ತೇವೆ. ಅಲ್ಲಿಂದ ವಾದ್ಯಮಂಟಪದ ಕಡೆಗೆ, ಅಠಾರಾ ಕಚೇರಿಯ ಹಿಂಭಾಗಕ್ಕೆ, ಬಂಡೆಗಳ ಪಕ್ಕದಲ್ಲಿ ಇಳಿದು, ಬಿದಿರು ಮೆಳೆಗಳನ್ನು ದಾಟಿ, ಮಹಾತ್ಮ ಗಾಂಧಿ ರಸ್ತೆಯ ಮೂಲೆಯಲ್ಲಿ 1906ರಿಂದ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ದೂರದಿಂದ ಕಂಡು, ಕಸ್ತೂರಬಾ ರಸ್ತೆಯ ಬದಿಯ ಮರಗಳ ಕೆಳಗೆ ಹಿಂದಿರುಗುವುದು. ಸುತ್ತಿ ಬಳಸಿ ಬಂದರೆ ಗೆಳೆಯನ ಕೈಗಡಿಯಾರದಲ್ಲಿ 4 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಎರಡೂವರೆ ಸುತ್ತು ಹಾಕಿದರೆ ಅಂತರ ಕಾಲೇಜು ಸ್ಪರ್ಧೆಯ 10 ಕಿಲೋಮೀಟರ್ ಆಯಿತು.

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನಮ್ಮ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸಾವಿರ ಹೆಜ್ಜೆಗಳೂ ಒಂದೇ ರೀತಿಯಲ್ಲಿ ಬೀಳುತ್ತವೆ. ಒಂದೇ ಎಲುಬು, ಒಂದೇ ಸ್ನಾಯು ಅದೇ ಪೆಟ್ಟನ್ನು ತಿನ್ನುತ್ತದೆ. ಕಾಲುದಾರಿಯಲ್ಲಿ ಹಾಗಲ್ಲ. ಇಲ್ಲಿ ಬೇರು, ಅಲ್ಲಿ ಕಲ್ಲು, ಮುಂದೆ ಒಣಗಿದ ಎಲೆಗಳ ರಾಶಿ, ಅದರಾಚೆ ಸಣ್ಣ ಇಳಿಜಾರು. ಕಣ್ಣು ನೋಡುತ್ತಿರಬೇಕು, ಪಾದ ವಿಚಾರ ಮಾಡುತ್ತಿರಬೇಕು. ಕಾಲು ಉಳುಕುವ ಅಪಾಯವುಂಟು, ಇಲ್ಲವೆನ್ನಲಾರೆ. ನನಗೇ ಒಮ್ಮೆ ಉಳುಕಿದೆ. ಆದರೆ ನಮ್ಮ ಸ್ಪರ್ಧೆಯ ಹೆಸರೇ ಗುಡ್ಡಗಾಡು ಓಟ. ಗುಡ್ಡವೂ ಬೇಡ, ಕಾಡೂ ಬೇಡ, ಓಟ ಮಾತ್ರ ಸಾಕು ಎನ್ನುವುದಾದರೆ ಹೆಸರನ್ನು ಬದಲಾಯಿಸುವುದು ಒಳ್ಳೆಯದು.

ದೂರದ ಗುರುತುಗಳ ಬಗೆಗೂ ಒಂದು ಮಾತು. ಸ್ವೀಡನ್ ದೇಶದ ಯೋಸ್ಟಾ ಹೋಲ್ಮೆರ್ ಎಂಬ ತರಬೇತುದಾರರು 1930ರ ದಶಕದಲ್ಲಿ ಫಾರ್ಟ್‌ಲೆಕ್ ಎಂಬ ಅಭ್ಯಾಸಕ್ರಮವನ್ನು ರೂಪಿಸಿದರು. ಆ ಮಾತಿನ ಅರ್ಥ ‘ವೇಗದ ಆಟ’. ಕಾಡಿನ ದಾರಿಯಲ್ಲಿ ಮನಸ್ಸು ಬಂದಂತೆ ಒಂದಷ್ಟು ದೂರ ಜೋರಾಗಿ, ಒಂದಷ್ಟು ದೂರ ಮೆಲ್ಲಗೆ ಓಡುವುದು. ಆ ಮರದಿಂದ ಈ ಮರದವರೆಗೆ ಎಂಬುದೇ ಅಳತೆ. ಹೀಗೆ ಕಾಡಿನ ದಾರಿಗಳಲ್ಲಿ ಅಭ್ಯಾಸ ಮಾಡಿದ ಗುಂದರ್ ಹೆಗ್ 1945ರಲ್ಲಿ ಒಂದು ಮೈಲಿಯನ್ನು 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದರು. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಬರುವವರೆಗೆ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಇನ್ನು 2015ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಕಾಲುದಾರಿಯ ಓಟವನ್ನೇ ತನ್ನ ಕ್ರೀಡಾವಿಭಾಗಗಳಲ್ಲಿ ಒಂದೆಂದು ಒಪ್ಪಿಕೊಂಡಿತು. ದಾರಿಯಲ್ಲಿ ಟಾರು, ಕಾಂಕ್ರೀಟುಗಳು ಆದಷ್ಟು ಕಡಮೆ ಇರಬೇಕೆಂದು ಅದರ ನಿಯಮ. ಜಗತ್ತು ಮಣ್ಣನ್ನು ಹುಡುಕಿಕೊಂಡು ಹೋಗುತ್ತಿರುವಾಗ, ಇರುವ ಮಣ್ಣನ್ನು ಮುಚ್ಚಿಸಿರೆಂದು ನಾವು ಮನವಿ ಬರೆಯುತ್ತಿದ್ದೇವೆ.

ಇಷ್ಟೆಲ್ಲ ತಿಳಿದವನು ಸಹಿಯನ್ನೇಕೆ ಹಾಕಿದೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ನನ್ನ ಒಂದು ಅಪರಾಧದ ಕಥೆ.

ಬಿದಿರು ಮೆಳೆಯ ಬಳಿ ದಾರಿಯು ಒಂದು ಸುತ್ತು ತಿರುಗುತ್ತದೆ. ಬೆಳಗಿನ ಹೊತ್ತು ಅಲ್ಲಿ ನಡೆದಾಡುವವರ ಗುಂಪು ಹೆಚ್ಚು. ಕಳೆದ ವರ್ಷ ಸ್ಪರ್ಧೆಯ ಆತುರದಲ್ಲಿದ್ದ ನಾವು ಐದು ಮಂದಿ ಆ ಸುತ್ತನ್ನು ಬಿಟ್ಟು ಹುಲ್ಲಿನ ಮೇಲೆ, ಎರಡು ದೊಡ್ಡ ಮರಗಳ ನಡುವೆ, ನೇರವಾಗಿ ನುಗ್ಗತೊಡಗಿದೆವು. ಗೆಳೆಯನ ಗಡಿಯಾರವು ನಾವು ಓಡಿದ ಗೆರೆಯನ್ನು ಫೋನಿನ ನಕ್ಷೆಯ ಮೇಲೆ ಬರೆಯಿತು. ಆತ ಅದನ್ನು ಊರಿಗೆಲ್ಲ ಹಂಚಿದ. ಕೆಲವೇ ವಾರಗಳಲ್ಲಿ ನಮಗೆ ಪರಿಚಯವಿಲ್ಲದವರೂ ಆ ಗೆರೆಯ ಮೇಲೆ ಓಡುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಹುಲ್ಲು ಮಾಯವಾಗಿ, ಮೂರು ಅಡಿ ಅಗಲದ ಬೋಳು ಪಟ್ಟಿಯೊಂದು ಬಿದ್ದಿತ್ತು. ಅಡ್ಡದಾರಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿರುವುದು ಸುಮ್ಮನೆ ಅಲ್ಲ.

ಒಂದು ಬೆಳಿಗ್ಗೆ ಮುದುಕರಾದ ಮಾಲಿಯೊಬ್ಬರು ಆ ಪಟ್ಟಿಗೆ ಅಡ್ಡವಾಗಿ ಮುಳ್ಳಿನ ಕೊಂಬೆಗಳನ್ನು ಹಾಕುತ್ತಿದ್ದರು. ನಾನು ಪಕ್ಕದಿಂದ ಸುತ್ತಿಕೊಂಡು ಹೋಗಲು ನೋಡಿದೆ. ಅವರು ನಿಲ್ಲಿಸಿದರು.

“ನೋಡಪ್ಪ, ಮೊನ್ನೆ ಮುಳ್ಳು ಹಾಕಿದ್ದೆ. ನೀವು ಪಕ್ಕದಲ್ಲಿ ಓಡಿದ್ರಿ. ದಾರಿ ಇನ್ನೂ ಅಗಲ ಆಯ್ತು. ಇವತ್ತು ಅದಕ್ಕೂ ಹಾಕ್ತಾ ಇದೀನಿ. ನಾಳೆ ಎಲ್ಲಿ ಓಡ್ತೀಯ, ಹೇಳ್ಬಿಡು, ಅಲ್ಲಿಗೂ ಹಾಕ್ತೀನಿ.”

“ತಪ್ಪಾಯ್ತು ತಾತ. ಬರಿ ಹುಲ್ಲಲ್ವಾ, ಮಳೆ ಬಂದ್ರೆ ಮತ್ತೆ ಬರುತ್ತೆ ಅಂದ್ಕೊಂಡೆ.”

“ಹುಲ್ಲು ಬರುತ್ತೆ. ನೀರು? ಮೊದಲು ಮಳೆ ನೀರು ಇಲ್ಲೇ ಇಂಗ್ತಿತ್ತು. ಈಗ ನಿಮ್ಮ ದಾರಿ ಹಿಡ್ಕೊಂಡು ನಿಮಗಿಂತ ಜೋರಾಗಿ ಓಡುತ್ತೆ. ಮರಕ್ಕೇನು ಉಳೀತು?”

ನಾನು ಉತ್ತರ ಹೇಳಲಾರದೆ ಹಿಂದಿರುಗಿದೆ. ಆ ದಿನವೇ ನಮ್ಮ ಭೂಗೋಳದ ಅಧ್ಯಾಪಕರನ್ನು ಕೇಳಿದಾಗ ಅವರು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ದೊಡ್ಡ ಮರದ ಬೇರುಗಳೆಲ್ಲ ಪಾತಾಳಕ್ಕೆ ಇಳಿದಿರುತ್ತವೆಂದು ನಾವು ಭಾವಿಸುತ್ತೇವೆ. ನಿಜವಾಗಿ, ನೀರನ್ನೂ ಸಾರವನ್ನೂ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಹರಡಿಕೊಂಡಿರುತ್ತವೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿದ್ದು, ಅವುಗಳಲ್ಲಿ ಗಾಳಿಯೂ ನೀರೂ ಓಡಾಡುತ್ತವೆ. ತುಳಿದಷ್ಟೂ ಸಂದುಗಳು ಮುಚ್ಚುತ್ತವೆ, ಬೇರಿಗೆ ಉಸಿರುಕಟ್ಟುತ್ತದೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಬೇಗ ಅಮುಕಿಹೋಗುತ್ತದೆ. ಒಮ್ಮೆ ಅಮುಕಿದ ಮಣ್ಣು ಮತ್ತೆ ಸಡಿಲವಾಗಲು ವರ್ಷಗಳೇ ಬೇಕು. ಮರ ಕೂಡಲೇ ಸಾಯುವುದಿಲ್ಲ, ಮೆಲ್ಲಮೆಲ್ಲನೆ ಸೊರಗುತ್ತದೆ. ಅಷ್ಟು ಹೊತ್ತಿಗೆ ತುಳಿದವರು ಪದವಿ ಪಡೆದು ಹೋಗಿರುತ್ತಾರೆ.

ಇದಾದ ಕೆಲವು ವಾರಗಳಿಗೇ ಮನವಿಪತ್ರ ಬಂದಿತು. “ಅಲ್ಲಲ್ಲಿ ಹೇಗೂ ಹುಲ್ಲು ಹೋಗಿ ನೆಲ ಬೋಳಾಗಿದೆ, ಕೆಸರಾಗುತ್ತದೆ, ಕಲ್ಲು ಹಾಸಿಸುವುದು ಲೇಸು” ಎಂದು ಅದರಲ್ಲಿ ಬರೆದಿತ್ತು. ಕಲ್ಲು ಹಾಸಿದರೆ ಜನ ಒಂದೇ ದಾರಿಯಲ್ಲಿ ಓಡಿಯಾರು, ನನ್ನ ತಪ್ಪು ಸರಿಹೋದೀತು ಎಂದುಕೊಂಡು ಸಹಿ ಹಾಕಿದೆ. ರಾತ್ರಿ ಮಲಗಿದಾಗ ಹೊಳೆಯಿತು: ಆ ನೆಲವನ್ನು ಬೋಳು ಮಾಡಿದವನೂ ನಾನೇ, ಬೋಳಾಗಿದೆ ಎಂದು ದೂರು ಕೊಟ್ಟವನೂ ನಾನೇ. ಮೊದಲು ಅಡ್ಡದಾರಿ, ಆಮೇಲೆ ಕೆಸರು, ಆಮೇಲೆ ಕೆಸರಿನ ನೆಪದಲ್ಲಿ ಕಲ್ಲು, ಕಲ್ಲು ಹಾಸಿದ ದಾರಿ ಓಟಕ್ಕೆ ರುಚಿಸದೆ ಅದರ ಪಕ್ಕದಲ್ಲಿ ಮತ್ತೊಂದು ಅಡ್ಡದಾರಿ. ಹೀಗೆ ಹೋದರೆ ಮರಗಳ ನಡುವೆ ದಾರಿಯಿರುವುದಿಲ್ಲ, ದಾರಿಗಳ ನಡುವೆ ಅಲ್ಲೊಂದು ಇಲ್ಲೊಂದು ಮರವಿರುತ್ತದೆ. ಈ ಉದ್ಯಾನವನ್ನು ಕಾಪಾಡಲು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಕಾನೂನು ಇದೆ. ಕಾನೂನು ಕಟ್ಟಡಗಳನ್ನು ತಡೆದೀತು. ನಮ್ಮ ಬೂಟುಗಳನ್ನು ತಡೆಯುವವರು ಯಾರು?

ಎದುರು ವಾದಗಳನ್ನು ನಾನು ಕೇಳಿಲ್ಲವೆಂದಲ್ಲ. ವಯಸ್ಸಾದವರು, ಗಾಲಿಕುರ್ಚಿಯವರು ಮಣ್ಣಿನಲ್ಲಿ ಹೇಗೆ ಹೋಗಬೇಕು ಎಂದು ಒಬ್ಬ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಉದ್ಯಾನದೊಳಗೆ ಟಾರು ರಸ್ತೆಗಳೂ ಹಾಸುಗಲ್ಲಿನ ದಾರಿಗಳೂ ಈಗಾಗಲೇ ಸಾಕಷ್ಟು ಇವೆ. ಭಾನುವಾರ ಅಲ್ಲಿ ವಾಹನಗಳೂ ಓಡುವುದಿಲ್ಲ. ಅವನ್ನು ಅವರಿಗೆ ಇನ್ನಷ್ಟು ಅನುಕೂಲ ಮಾಡಿಕೊಡಲಿ. ಉಳಿದಿರುವ ಮಣ್ಣಿನ ದಾರಿ ಮಣ್ಣಿನದಾಗಿಯೇ ಇರಲಿ.

ನಮ್ಮ ತರಗತಿಯ ಸಹಪಾಠಿನಿಯೊಬ್ಬರು ಹೇಳಿದ ಮಾತು ಇದಕ್ಕಿಂತ ಗಟ್ಟಿಯಾದುದು. “ನಿಮಗೆ ಬೇರು, ಕಲ್ಲುಗಳ ಚಿಂತೆ. ನಮಗೆ ಮರದ ಹಿಂದೆ ಯಾರು ನಿಂತಿದ್ದಾರೆ ಎಂಬ ಚಿಂತೆ. ಕಲ್ಲು ಹಾಸಿದರೆ ನಾಲ್ಕು ಜನ ಓಡಾಡುತ್ತಾರೆ, ದೀಪ ಬರುತ್ತದೆ” ಎಂದರು. ನಾನು ಈ ವಿಷಯವನ್ನು ಯೋಚಿಸಿಯೇ ಇರಲಿಲ್ಲವೆಂದು ನಾಚಿಕೆಯಾಯಿತು. ಅವರಿಗೆ ಬೇಕಾದುದು ಜನ ಮತ್ತು ಬೆಳಕು. ಅವೆರಡನ್ನೂ ಕಲ್ಲಿಲ್ಲದೆಯೇ ಒದಗಿಸಬಹುದು. ಕಾಲೇಜಿನ ಹುಡುಗರೂ ಹುಡುಗಿಯರೂ ಗೊತ್ತಾದ ಹೊತ್ತಿಗೆ, ಬೆಳಕು ಹರಿದ ಮೇಲೆ, ತಂಡವಾಗಿ ಓಡುವ ಏರ್ಪಾಟನ್ನು ಕ್ರೀಡಾ ಸಂಘವು ನಾಳೆಯೇ ಮಾಡಬಹುದು. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಡ.

ಆದುದರಿಂದ ಮನವಿಪತ್ರವನ್ನು ಹರಿದುಹಾಕಿ ಎಂದು ನಾನು ಹೇಳುವುದಿಲ್ಲ. ತಿದ್ದಿ ಬರೆಯೋಣ ಎನ್ನುತ್ತೇನೆ. ಈಗಿರುವ ಕಾಲುದಾರಿಗಳಲ್ಲಿ ಓಟಕ್ಕೆ ತಕ್ಕ ಒಂದನ್ನು ಗೊತ್ತುಮಾಡಿ, ತಿರುವಿನಲ್ಲಿ ಒಂದು ಸಣ್ಣ ಮರದ ಫಲಕವನ್ನಿಡಲಿ. ನೀರು ನಿಲ್ಲುವ ಕಡೆ ಹರಿದುಹೋಗಲು ಪಕ್ಕದಲ್ಲಿ ಸಣ್ಣ ಕಾಲುವೆ ತೆಗೆಯಲಿ. ಅಡ್ಡದಾರಿಗಳನ್ನು ಮುಚ್ಚಿ ಕೆಲವು ಮಳೆಗಾಲ ಆ ನೆಲಕ್ಕೆ ವಿಶ್ರಾಂತಿ ಕೊಡಲಿ. ಇಷ್ಟು ಅವರಿಗೆ. ನಮಗೂ ನಿಯಮಗಳಿರಲಿ: ದಾರಿ ಬಿಟ್ಟು ಓಡಬಾರದು, ಕೆಸರಿದ್ದರೆ ಪಕ್ಕದ ಹುಲ್ಲಿಗೆ ಹೋಗದೆ ಕೆಸರಿನಲ್ಲಿಯೇ ಓಡಬೇಕು, ಬೂಟು ತೊಳೆದುಕೊಂಡರಾಯಿತು, ಜೋರು ಮಳೆ ಬಿದ್ದ ಮಾರನೆಯ ದಿನ ರಸ್ತೆಯಲ್ಲಿ ಓಡಬೇಕು, ಹೊಸ ಗೆರೆಯನ್ನು ಫೋನಿನಲ್ಲಿ ಹಂಚಬಾರದು, ಎದುರಿಗೆ ಹಿರಿಯರು ಬಂದರೆ ಓಟ ನಿಲ್ಲಿಸಿ ದಾರಿ ಬಿಡಬೇಕು. ಅಂತರ ಕಾಲೇಜು ಸ್ಪರ್ಧೆಯಲ್ಲಿ ಇದರಿಂದ ಅರ್ಧ ನಿಮಿಷ ನಷ್ಟವಾದರೆ ಆಗಲಿ.

ಈಗ ನಾನು ಬಿದಿರು ಮೆಳೆಯ ಸುತ್ತನ್ನು ಪೂರ್ತಿಯಾಗಿ ಸುತ್ತುತ್ತೇನೆ. ಮೊದಲಿಗಿಂತ 60 ಹೆಜ್ಜೆ ಹೆಚ್ಚು. ಮುಳ್ಳಿನ ಕೊಂಬೆಗಳು ಇನ್ನೂ ಅಲ್ಲಿಯೇ ಇವೆ. ಅವುಗಳ ನಡುವೆ ಅಲ್ಲಲ್ಲಿ ಹಸುರು ಕಾಣಿಸಿಕೊಂಡಿದೆ. ಮಾಲಿ ತಾತ ನನ್ನನ್ನು ಕಂಡಾಗ ಮಾತನಾಡುವುದಿಲ್ಲ, ತಲೆಯಲ್ಲಾಡಿಸುತ್ತಾರೆ. ಅದು ಮೆಚ್ಚುಗೆಯೋ ಎಚ್ಚರಿಕೆಯೋ ಇನ್ನೂ ತಿಳಿದಿಲ್ಲ.

ಆರನೆಯ ಸಹಿಯನ್ನು ಹೊಡೆದುಹಾಕಬೇಕೆಂದು ಕ್ರೀಡಾ ಸಂಘದ ಕಾರ್ಯದರ್ಶಿಗಳನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ತಿದ್ದಿದ ಪತ್ರ ಸಿದ್ಧವಾದರೆ, ಮೊದಲನೆಯ ಸಹಿಗೆ ನಾನಿದ್ದೇನೆ.